ಪುಗಾ ಕಣಿವೆಯ ಬಿಸಿನೀರು

ದೆಹಲಿಯಿಂದ ಹೊರಟ ನಾವು ಲೇಹ್ ದಾಟಿ ಲಡಾಖಿನ ಪುಗಾ ಕಣಿವೆ ಸೇರಿದೆವು. ಎತ್ತರ ಸುಮಾರು 4,400 ಮೀಟರ್. ಇಲ್ಲಿ ನೀರು 84 ಡಿಗ್ರಿ ಸುಮಾರಿಗೇ ಕುದಿಯುತ್ತದೆ. ನಮ್ಮ ಸಾರಿನ ಬೇಳೆ ಬೇಯಲೇ ಇಲ್ಲ! ಹಿಂದೆ ಗಂಧಕ, ಬಿಳಿಗಾರ ಅಗೆದ ನೆಲವಿದು.

ಭೂಗರ್ಭದ ಶಾಖ ಹುಡುಕುತ್ತ 1970ರ ದಶಕದಿಂದ ಇಲ್ಲಿ 34 ಕೊಳವೆಗಳನ್ನು ಕೊರೆದರು. ಅತಿ ಆಳದ್ದು ಸುಮಾರು 385 ಮೀಟರ್. ಆ ಶಾಖದಿಂದ ಬಿಳಿಗಾರ ಶುದ್ಧಿಮಾಡುವ, ಕೋಣೆ ಬೆಚ್ಚಗಿಡುವ ಪ್ರಯೋಗಗಳೂ ನಡೆದವು. ವಿದ್ಯುತ್ತು ಮಾತ್ರ ಬರಲಿಲ್ಲ. 2021ರಲ್ಲಿ 1 ಮೆಗಾವಾಟ್ ಸ್ಥಾವರಕ್ಕೆ ಒಪ್ಪಂದವಾಯಿತು. 2022ರಲ್ಲಿ ಕೊರೆಯುವಾಗ ದ್ರವ ಹಳ್ಳಕ್ಕೆ ಸೋರಿ ಕೆಲಸ ನಿಂತಿತು.

ಹಳ್ಳದ ದಡದ ಹುಲ್ಲೇ ಚಾಂಗ್‌ಪಾ ದನಗಾಹಿಗಳ ಆಡುಗಳಿಗೆ ಆಧಾರ. ಕೊರೆಯಲಿ, ಬೇಡವೆನ್ನೆವು, ಆದರೆ ಮೊದಲು ಹಳ್ಳವನ್ನು ಕಾಯಲಿ. ಅವರ ಮಕ್ಕಳ ವಸತಿಶಾಲೆಯೂ ಇದೇ ಕಣಿವೆಯಲ್ಲಿದೆ. ಭೂಮಿತಾಯಿ ಹೊತ್ತಿಸಿಟ್ಟ ಒಲೆಯ ಪಕ್ಕದಲ್ಲೇ ಅವರೇಕೆ ಚಳಿಗೆ ನಡುಗಬೇಕು?