ಸೋರಿದ ಪೆಟ್ರೋಲು ಮತ್ತು ಸಹಿ ಹಾಕದ ಕಾಗದ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿಯೂ ಬಂಧುಗಳಲ್ಲಿಯೂ ಈಗ ಕಾರಿಲ್ಲದವರು ವಿರಳ. ಆದುದರಿಂದ ಕಳೆದ ಮಳೆಗಾಲದ ಒಂದು ಅನುಭವವನ್ನು ಇಲ್ಲಿ ಬರೆದಿಡುವುದು ಉಪಯುಕ್ತವೆಂದು ಭಾವಿಸಿದ್ದೇನೆ.

ನಮ್ಮ ಕಾರಿಗೆ ಹದಿಮೂರು ವರ್ಷ. ಬಸ್ರೂರಿನ ನಮ್ಮ ಮನೆಯಲ್ಲಿ ಅದು ನಿಲ್ಲುವ ಮಾಡಿನ ಪಕ್ಕದಲ್ಲೇ ಬಚ್ಚಲುಮನೆ. ಹಂಡೆಗೆ ಇಂದಿಗೂ ಕಟ್ಟಿಗೆಯ ಬೆಂಕಿ. ಒಂದು ಸಂಜೆ ಕುಂದಾಪುರದಲ್ಲಿ ಟ್ಯಾಂಕ್ ಭರ್ತಿ ಮಾಡಿಸಿಕೊಂಡು ಬಂದ ಮೇಲೆ ಮಾಡಿನ ತುಂಬ ಪೆಟ್ರೋಲಿನ ವಾಸನೆ. ಹಿಂದಿನ ಚಕ್ರದ ಬಳಿ ನೆಲ ಒದ್ದೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ಬೇಗನೆ ಮೇಲೇರಿ ಚದುರದೆ ನೆಲದ ಮೇಲೆಯೇ ಹರಿದು, ದೂರದ ಕಿಡಿಯನ್ನೂ ತಲುಪಬಲ್ಲುದು. ಒಲೆ ಹೊತ್ತಿಸದಂತೆ ಮನೆಯಲ್ಲಿ ಹೇಳಿ, ಕಾರನ್ನು ಚಾಲೂ ಮಾಡದೆ, ನೆರೆಯವರ ನೆರವಿನಿಂದ ಅಂಗಳದ ತುದಿಗೆ ತಳ್ಳಿ, ಸೋರಿದಲ್ಲಿ ಮರಳು ಹಾಕಿದೆವು. ಬೆಳಿಗ್ಗೆ ನೋಡಿದರೆ ಸೋರುವುದು ತಾನಾಗಿಯೇ ನಿಂತಿತ್ತು. ಟ್ಯಾಂಕಿನ ಮುಳ್ಳು ಸ್ವಲ್ಪವೇ ಕೆಳಗಿಳಿದಿತ್ತು.

ಕಾರನ್ನು ಲಾರಿಯ ಮೇಲೇರಿಸಿ ಕಂಪನಿಯ ಸರ್ವಿಸ್ ಸೆಂಟರಿಗೆ ಕಳುಹಿಸಿದೆ. ಮಧ್ಯಾಹ್ನ ಎಸ್ಟಿಮೇಟ್ ಬಂತು: ಟ್ಯಾಂಕ್, ಪೆಟ್ರೋಲ್ ಪಂಪಿನ ಪೂರ್ತಿ ಸೆಟ್, ಪೈಪುಗಳು, ಕೂಲಿ ಎಲ್ಲ ಸೇರಿ 43,000 ರೂಪಾಯಿಗಿಂತ ಹೆಚ್ಚು. ಸವೆತದಿಂದಾದ ದೋಷಕ್ಕೆ ವಿಮೆಯೂ ಸಿಗದು. “ಸೇಫ್ಟಿ ವಿಷಯ ಸರ್, ಎಲ್ಲವನ್ನೂ ಬದಲಿಸುವುದೇ ಒಳ್ಳೆಯದು” ಎಂದರು ಅಲ್ಲಿಯ ಯುವಕರು. ಈ ಮಾತನ್ನು ತಳ್ಳಿಹಾಕುವುದು ಕಷ್ಟ. ಮೊಮ್ಮಕ್ಕಳು ಕುಳಿತುಕೊಳ್ಳುವ ಕಾರಿನಲ್ಲಿ ಹಣ ಉಳಿಸಲು ಯಾರಿಗೆ ತಾನೇ ಧೈರ್ಯ ಬಂದೀತು? ಭಯವಿದ್ದಾಗಲೇ ನಾವು ಓದದೆ ಸಹಿ ಹಾಕುವುದು.

ಆದರೆ ತರ್ಕ ಸರಳವಾಗಿತ್ತು. ಟ್ಯಾಂಕಿನ ತಳದಲ್ಲಿ ತೂತಿದ್ದರೆ ಸೋರುವುದು ಅಷ್ಟು ಬೇಗ ನಿಲ್ಲುತ್ತಿರಲಿಲ್ಲ. ಪೂರ್ತಿ ತುಂಬಿದಾಗ ಸೋರಿ, ಮಟ್ಟ ತುಸು ಇಳಿದೊಡನೆ ನಿಂತದ್ದರಿಂದ ದೋಷ ಮೇಲ್ಭಾಗದಲ್ಲಿಯೇ ಇರಬೇಕು. ನಾನು ಇಷ್ಟನ್ನೇ ಹೇಳಿ, ಕಾರನ್ನು ಲಿಫ್ಟಿನ ಮೇಲೇರಿಸಿ ಸೋರುವ ಜಾಗವನ್ನು ತೋರಿಸಬೇಕೆಂದು ಕೇಳಿದೆ. ಗ್ಯಾರೇಜ್ ನಡೆಸುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಜತೆಗಿದ್ದ. ಅವನು ಟಾರ್ಚ್ ಹಿಡಿದು, “ಕಾಣಿ ಮಾಷ್ಟ್ರೇ, ಟ್ಯಾಂಕ್ ಸಮಾ ಇತ್ತ್. ಸೋರುದ್ ಈ ಪೈಪ್ ಮಾತ್ರ” ಎಂದ. ಪೆಟ್ರೋಲ್ ತುಂಬಿಸುವ ಬಾಯಿಯಿಂದ ಟ್ಯಾಂಕಿಗೆ ಇಳಿಯುವ ರಬ್ಬರ್ ಪೈಪ್ ಬಿರುಕು ಬಿಟ್ಟಿತ್ತು. ಉಪ್ಪುಗಾಳಿಗೆ ಅದರ ಕ್ಲಿಪ್ ತುಕ್ಕು ಹಿಡಿದಿತ್ತು. ಪೈಪನ್ನೂ ಕ್ಲಿಪ್ಪುಗಳನ್ನೂ ಅಲ್ಲಿಯೇ ಬದಲಿಸಲಾಯಿತು. ಬಿಲ್ಲು 4,200 ರೂಪಾಯಿ. ಟ್ಯಾಂಕನ್ನು ಪುನಃ ಭರ್ತಿ ಮಾಡಿ, ಒಂದು ಗಂಟೆ ಕಾದು, ಒಂದು ಹನಿಯೂ ಇಲ್ಲವೆಂದು ಖಚಿತವಾದ ಮೇಲೆಯೇ ಮನೆಗೆ ಬಂದೆ.

ಆ ಯುವಕರನ್ನು ಮಾತ್ರ ದೂರಿ ಫಲವಿಲ್ಲ. ಬಿಡಿಭಾಗಗಳನ್ನೂ ದುರಸ್ತಿಯ ತಾಂತ್ರಿಕ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟಿನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಕಂಪನಿಗಳು ಮೇಲಿನ ಹಂತಗಳಲ್ಲಿ ಅದನ್ನು ಪ್ರಶ್ನಿಸಿದವು. 2022ರಲ್ಲಿ ಕೇಂದ್ರ ಸರಕಾರವು ‘ದುರಸ್ತಿಯ ಹಕ್ಕು’ ಎಂಬ ಜಾಲತಾಣವನ್ನು ತೆರೆಯಿತು. ರೋಗ ನಮ್ಮ ಊರಿನದಷ್ಟೇ ಅಲ್ಲ.

ಆದುದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಪೆಟ್ರೋಲಿನ ವಾಸನೆ ಬಂದರೆ ಒಂದು ದಿನವೂ ತಡಮಾಡಬೇಡಿ, ಆ ಕಾರನ್ನು ಓಡಿಸಲೂ ಬೇಡಿ. ಹಳೆಯ ಕಾರುಗಳಿಗಂತೂ ಈ ಎಚ್ಚರ ಹೆಚ್ಚು ಅಗತ್ಯ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆತಿರುತ್ತದೆ, ಹಿಂದಿನ ರಬ್ಬರ್ ಭಾಗಗಳೆಲ್ಲ ಅದಕ್ಕೆ ಒಗ್ಗುವಂಥವಲ್ಲ. ಯಾವಾಗ, ಎಷ್ಟು ತುಂಬಿದ್ದಾಗ ಸೋರಿತೆಂದು ಬರೆದಿಡಿ. ಕೆಟ್ಟ ಭಾಗವನ್ನು ಕಣ್ಣಾರೆ ನೋಡಿ, ಬಿಡಿಬಿಡಿಯಾಗಿ ಬರೆದ ಎಸ್ಟಿಮೇಟ್ ಪಡೆದು, ತೆಗೆದ ಹಳೆಯ ಭಾಗವನ್ನು ಕೇಳಿ ತನ್ನಿ. ಅನ್ಯಾಯವೆನಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಜೀವಕ್ಕೆ ಬೇಕಾದ ಖರ್ಚನ್ನು ಮಾಡಲೇಬೇಕು. ಆದರೆ ಯಾವುದು ಜೀವಕ್ಕೆ, ಯಾವುದು ಬಿಲ್ಲಿಗೆ ಎಂದು ಕೇಳಿ ತಿಳಿಯುವುದರಲ್ಲಿ ಅವಿನಯವೇನೂ ಇಲ್ಲ.