ಕಟ್ಟೆಯಿಲ್ಲದ ಮನೆ

ನನ್ನ ಮಗಳ ಲ್ಯಾಪ್‌ಟಾಪಿನಲ್ಲಿ ಒಂದು ಸಂಸಾರ ವಾಸವಾಗಿದೆ. ಅವರಿಗೆ ಮನೆಯಿದೆ, ನೌಕರಿಯಿದೆ, ಹಿತ್ತಿಲಿದೆ. ತಲೆಯ ಮೇಲೆ ಗಿರಗಿರ ತಿರುಗುವ ಹಸಿರು ಹರಳೂ ಇದೆ. ಇಲ್ಲದ್ದೆಂದರೆ ದಣಿವನ್ನು ಮುಚ್ಚಿಟ್ಟುಕೊಳ್ಳುವ ಸ್ವಾತಂತ್ರ್ಯ ಒಂದೇ. ಹಸಿವು, ನಿದ್ದೆ, ಸ್ನಾನ, ಶೌಚ, ಮೋಜು, ಒಡನಾಟ ಎಂಬ ಆರು ಪಟ್ಟಿಗಳು ಪರದೆಯ ಮೂಲೆಯಲ್ಲಿ ಅವರ ಒಳಗನ್ನೆಲ್ಲ ಊರಿಗೆ ಸಾರುತ್ತಿರುತ್ತವೆ. ತುಂಬಿದ್ದರೆ ಹಸಿರು, ತಳ ಕಂಡರೆ ಕೆಂಪು. “ಅಪ್ಪಾ, ಇವನ ನಿದ್ದೆ ಕೆಂಪಾಗಿದೆ, ಈಗ ನನ್ನ ಮಾತಾಡಿಸಬೇಡ” ಎಂದು ಮಗಳು ಗದರುತ್ತಾಳೆ. ನನ್ನ ನಿದ್ದೆ ಯಾವ ಬಣ್ಣಕ್ಕೆ ತಿರುಗಿದೆ ಎಂದು ಈ ಮನೆಯಲ್ಲಿ ಇದುವರೆಗೆ ಯಾರೂ ಕೇಳಿಲ್ಲ.

ಆಟದ ಹೆಸರು ‘ದಿ ಸಿಮ್ಸ್’. ವಿಲ್ ರೈಟ್ ಎಂಬ ಅಮೆರಿಕದವನ ಕಲ್ಪನೆ. ಮೊದಲು ಬಂದದ್ದು 2000ದ ಫೆಬ್ರವರಿಯಲ್ಲಿ. 1991ರಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡಗಳಿಗೆ ಬೆಂಕಿ ಬಿದ್ದಾಗ ಆತನ ಮನೆಯೂ ಸುಟ್ಟುಹೋಯಿತು. ಮತ್ತೆ ಒಂದೊಂದೇ ಸಾಮಾನು ಕೂಡಿಸುತ್ತ, ಮನುಷ್ಯನಿಗೆ ನಿಜವಾಗಿ ಏನೇನು ಬೇಕು ಎಂದು ಯೋಚಿಸಿದ್ದರಲ್ಲಿ ಈ ಆಟದ ಬೇರಿದೆ. ಮೊದಲು ಅದು ಮನೆ ಕಟ್ಟುವ ಆಟವಾಗಿತ್ತು. ಕಟ್ಟಿದ ಮನೆ ಅನುಕೂಲವೋ ಅಲ್ಲವೋ ಹೇಳಲಿಕ್ಕೆಂದು ಒಳಗೆ ಒಂದಿಷ್ಟು ಪುಟ್ಟ ಮನುಷ್ಯರನ್ನು ಬಿಟ್ಟರು. ಆಮೇಲೆ ನೋಡಿದರೆ ಮನೆಗಿಂತ ಆ ಮನುಷ್ಯರೇ ಸ್ವಾರಸ್ಯವಾಗಿ ಕಂಡರು. ಇಷ್ಟು ತಿಳಿಯಲು ಅಮೆರಿಕದವರಿಗೆ ಕಂಪ್ಯೂಟರ್ ಬೇಕಾಯಿತಲ್ಲ ಎಂದು ಮೋರಟಗಿ ಎಂಬ ಹಳ್ಳಿಯವನಾದ ನನಗೆ ಒಳಗೊಳಗೇ ನಗು.

ಆಟದಲ್ಲಿ ಗಡಿಯಾರದ ಓಟ ಭಾರಿ. ನಮ್ಮ ಒಂದು ಸೆಕೆಂಡು ಅವರಿಗೆ ಒಂದು ನಿಮಿಷ. ಇಪ್ಪತ್ತನಾಲ್ಕು ನಿಮಿಷಕ್ಕೆ ಒಂದು ದಿನ ಮುಗಿದೇ ಹೋಯಿತು. ಅಷ್ಟರೊಳಗೆ ಉಣಿಸಬೇಕು, ಮೀಯಿಸಬೇಕು, ಕೆಲಸಕ್ಕೆ ಅಟ್ಟಬೇಕು, ಮಲಗಿಸಬೇಕು. ಮಲಗಿಸುತ್ತ ಕೂತರೆ ಒಡನಾಟದ ಪಟ್ಟಿ ಇಳಿದು ಮುಖ ಸಪ್ಪಗಾಗುತ್ತದೆ. ಹೋಗಲಿ ಪಾಪ ಎಂದು ಸಂಜೆ ಗೆಳೆಯರನ್ನು ಕರೆಸಿದರೆ ನಿದ್ದೆಯ ಪಟ್ಟಿ ಜಾರಿ, ಯಜಮಾನ ಅತಿಥಿಗಳೆದುರೇ ನೆಲದ ಮೇಲೆ ಬಿದ್ದು ಗೊರಕೆ ಹೊಡೆಯುತ್ತಾನೆ. ಅತಿಥಿಗಳು ಹೋಗುವುದೂ ಇಲ್ಲ. ಮಗಳು ಹಲ್ಲು ಕಚ್ಚಿ ಒಬ್ಬನಿಗೆ ಕಾಫಿ ಕುಡಿಸುತ್ತಾಳೆ, ಇನ್ನೊಬ್ಬಳನ್ನು ಹಾಸಿಗೆಗೆ ಎಳೆಯುತ್ತಾಳೆ. ಹಾಸಿಗೆಯಲ್ಲೂ ದರ್ಜೆಗಳಿವೆ: ದುಬಾರಿ ಮಂಚದ ಮೇಲೆ ನಿದ್ದೆ ಬೇಗ ತುಂಬುತ್ತದೆ, ಅಗ್ಗದ್ದರ ಮೇಲೆ ನಿಧಾನ.

ಇದನ್ನೆಲ್ಲ ನಾನು ಬೆಂಗಳೂರಿನ ಸೋಫಾದಲ್ಲಿ ನೋಡುತ್ತಿದ್ದರೂ ಮನಸ್ಸು ಮಾತ್ರ ಮೋರಟಗಿಯ ಮಾಳಿಗೆ ಏರಿಬಿಡುತ್ತದೆ. ಸಿಂದಗಿ ದಾಟಿ ಜೇವರ್ಗಿ ಕಡೆ ಹೊರಟರೆ ಸಿಗುವ ಊರು ನಮ್ಮದು. ಕರಿ ಎರಿಹೊಲ, ಬಿಳಿಜೋಳ, ತೊಗರಿ. ಚೈತ್ರ ಕಳೆಯಿತೆಂದರೆ ಮನೆಯ ಒಳಗೆ ಮಲಗುವುದು ಶಿಕ್ಷೆ. ಇಡೀ ಓಣಿಯೇ ಚಾಪೆ, ಕೌದಿ ಹೊತ್ತು ಮಾಳಿಗೆ ಹತ್ತುತ್ತಿತ್ತು. ಮಾಳಿಗೆಗೆ ಮಾಳಿಗೆ ಕೂಡಿಕೊಂಡಿದ್ದರಿಂದ ಯಾರು ಯಾರ ಮನೆಯ ಮೇಲೆ ಮಲಗಿದ್ದಾರೆ ಎಂಬುದು ಬೆಳಕು ಹರಿದ ಮೇಲೆ ಇತ್ಯರ್ಥವಾಗಬೇಕಾದ ವಿಷಯ. ಕತ್ತಲಲ್ಲಿ ಎಲ್ಲಿಂದಲೋ ಒಂದು ದನಿ ಬರುತ್ತಿತ್ತು: “ಏ ಕಾಕಾ, ನಿದ್ದಿ ಹತ್ತೇತೇನು?”

“ಹತ್ತೇದೋ ತಮ್ಮಾ.”

“ಹಂಗಾರ ನಾಳಿ ಮಾತಾಡ್ತೀನಿ ತಗೋ.”

“ಇರ್ಲಿ, ಈಗ ಹೇಳು.”

ಆ ಮಾತು ಶುರುವಾದರೆ ಎಮ್ಮೆಯ ವ್ಯಾಪಾರದಿಂದ ಹೊರಟು, ಬೀಗರ ಮನೆಯ ಮುನಿಸು ಹಾಯ್ದು, ಈ ವರ್ಷದ ಮಳೆಗೆ ಬಂದು ನಿಲ್ಲುತ್ತಿತ್ತು. ಉತ್ತರ ಬರುವುದು ನಿಂತಾಗ ಕಾಕಾನಿಗೆ ನಿಜವಾಗಿ ನಿದ್ದೆ ಹತ್ತಿದೆ ಎಂದು ತಿಳಿಯಬೇಕು. ಆಗ ಅವನ ಒಡನಾಟ ಎಲ್ಲಿ ಮುಗಿಯಿತು, ವಿಶ್ರಾಂತಿ ಎಲ್ಲಿ ಶುರುವಾಯಿತು ಎಂದು ಯಾವ ವಿಲ್ ರೈಟ್ ಬಂದರೂ ಗೆರೆ ಎಳೆಯಲಾರ.

ಸುಗ್ಗಿಯಲ್ಲಂತೂ ಲೆಕ್ಕವೇ ತಿರುವುಮುರುವು. ಕಣದ ನಡುವೆ ಮೇಟಿ ನೆಟ್ಟು, ತೆನೆ ಹರವಿ, ಎತ್ತುಗಳನ್ನು ಸಾಲಿಗೆ ಕಟ್ಟಿ ಇರುಳೆಲ್ಲ ಹಂತಿ ಹೊಡೆಯುತ್ತಿದ್ದರು. ಎತ್ತಿನ ಹಿಂದೆ ಸುತ್ತುವವನಿಗೆ ತೂಕಡಿಕೆ ಬರಬಾರದು. ಅದಕ್ಕೇ ಹಂತಿಯ ಹಾಡು. ಒಬ್ಬ ಹೇಳಬೇಕು, ಉಳಿದವರು ಎತ್ತಿಕೊಳ್ಳಬೇಕು. ಕಾಫಿಯ ಯಂತ್ರವಿಲ್ಲದ ಆ ಕಣದಲ್ಲಿ ಒಬ್ಬನ ನಿದ್ದೆಯನ್ನು ಇನ್ನೊಬ್ಬನ ದನಿ ತಡೆಯುತ್ತಿತ್ತು. ರಾಶಿ ಮಾಡುವ ಯಂತ್ರ ಬಂದ ಮೇಲೆ ಎಲ್ಲರಿಗೂ ರಾತ್ರಿ ಬಿಡುವಾಯಿತು. ಬಿಡುವಾದವರು ತಂತಮ್ಮ ಮನೆಯೊಳಗೆ ಹೋಗಿ ಕದ ಹಾಕಿಕೊಂಡರು.

ನಮ್ಮ ಮುತ್ಯಾನ ವಿಷಯ ಬೇರೆ. ಆಟದ ಮೊದಲ ಆವೃತ್ತಿಯಲ್ಲಿ ಒಂದು ನಿಯಮವಿತ್ತು: ನೌಕರಿಯಲ್ಲಿ ಮೇಲೇರಬೇಕಾದರೆ ಕೆಲಸ ಬಂದರಷ್ಟೇ ಸಾಲದು, ಇಂತಿಷ್ಟು ಗೆಳೆಯರೂ ಇರಬೇಕು. ಆ ಪ್ರಕಾರ ನಮ್ಮ ಮುತ್ಯಾ ವಿಧಾನಸೌಧದಲ್ಲಿ ಕೂಡಬೇಕಾಗಿತ್ತು; ಕೂತದ್ದು ಮನೆಯ ಮುಂದಿನ ಕಟ್ಟೆಯ ಮೇಲೆ. ಮಧ್ಯಾಹ್ನ ಅಲ್ಲೇ ರುಮಾಲು ತಲೆಗಿಟ್ಟು ಅಡ್ಡಾಗುತ್ತಿದ್ದ. ಹಾದುಹೋಗುವವರು “ಮುತ್ಯಾ, ಆರಾಮ ಅದೀರ್ಯಾ?” ಎಂದರೆ ಕಣ್ಣು ತೆರೆಯದೆ “ಬಾ, ಕೂಡು” ಎನ್ನುತ್ತಿದ್ದ. ಬಂದವನು ಕೂಡುತ್ತಿದ್ದ. ಮುತ್ಯಾ ನಿದ್ದೆ ಮುಂದುವರಿಸುತ್ತಿದ್ದ. ಒಂದು ತಾಸಿನ ಮೇಲೆ ಆತ “ಬರ್ತೀನ್ರಿ” ಎಂದು ಎದ್ದರೆ, “ಆಗಾಗ ಬರ್ತಾ ಇರು, ಮಾತಾಡಿದರ ಮನಸು ಹಗುರಾಗ್ತದ” ಎಂದು ಕಳಿಸುತ್ತಿದ್ದ. ಇಬ್ಬರಿಗೂ ಹಗುರಾದದ್ದು ಸುಳ್ಳಲ್ಲ.

ಈಗ ಆ ಕಟ್ಟೆಯ ಪಕ್ಕದ ಬಾಗಿಲಲ್ಲಿ ಅವ್ವ ಒಬ್ಬಳೇ. ಕಟ್ಟೆ ಗಟ್ಟಿಯಾಗಿಯೇ ಇದೆ. ಕೂಡುವವರು ಪುಣೆಯಲ್ಲಿ, ಗೋವಾದಲ್ಲಿ, ಬೆಂಗಳೂರಿನಲ್ಲಿ ಇದ್ದಾರೆ. ನಾನೂ ಆ ಪಟ್ಟಿಯಲ್ಲಿದ್ದೇನೆ. ರಜೆಗೆ ಹೋದಾಗ ಗಮನಿಸಿದೆ, ಅವ್ವ ಕರೆಂಟಿನ ಜೊತೆ ಮಾತಾಡುತ್ತಾಳೆ. ಹೋದರೆ “ಹೋಗು ಹೋಗು, ನಿನಗ ನಮ್ಮನಿ ಸೇರಂಗಿಲ್ಲ” ಎನ್ನುತ್ತಾಳೆ. ಬಂದರೆ, ಹಬ್ಬ ಮುಗಿದ ಮೇಲೆ ಬಂದ ಅಳಿಯನನ್ನು ವಿಚಾರಿಸಿಕೊಂಡ ಹಾಗೆ, “ಈಗ ಬಂದೇನು? ಹಿಟ್ಟು ಬೀಸೂ ಹೊತ್ತು ಎಲ್ಲಿದ್ದಿ?” ಎಂದು ಕೇಳುತ್ತಾಳೆ. 2004ರಲ್ಲಿ ಬಂದ ‘ಸಿಮ್ಸ್ 2’ರಲ್ಲಿ, ಒಡನಾಟದ ಪಟ್ಟಿ ಪೂರ್ತಿ ಕುಸಿದವರ ಬಳಿಗೆ ಮೊಲದ ವೇಷ ಹಾಕಿದವನೊಬ್ಬ ಬಂದು ಮಾತಾಡಿಸುತ್ತಿದ್ದ. ಅವನು ಕಾಣುತ್ತಿದ್ದುದು ಆ ಒಬ್ಬರಿಗೆ ಮಾತ್ರ. ಮನೆಯ ಉಳಿದವರ ಕಣ್ಣಿಗೆ ಅವರು ಗಾಳಿಯೊಂದಿಗೆ ಹರಟುತ್ತಿರುತ್ತಾರೆ. ಮಗಳು ಇದನ್ನು ನಗುನಗುತ್ತಲೇ ಹೇಳಿದಳು. ನಾನು ಸ್ವಲ್ಪ ಹೊತ್ತು ಬಲ್ಬನ್ನೇ ನೋಡುತ್ತ ಕೂತೆ.

ಆ ರಜೆಯಲ್ಲಿ ಮಗಳು ಆಟದೊಳಗೆ ಮೋರಟಗಿಯ ಮನೆ ಕಟ್ಟತೊಡಗಿದಳು. ಪಡಸಾಲೆ ಬಂತು, ಅಡುಗೆಮನೆ ಬಂತು, ನಾನು ಬಂದೆ — ಹೊಟ್ಟೆಯನ್ನು ಮಾತ್ರ ಆಕೆ ಯಥಾವತ್ತಾಗಿ ಇಟ್ಟಳು. ಕೊನೆಗೆ ಬೆಳ್ಳಿಕೂದಲಿನ ಒಬ್ಬ ಹೆಂಗಸು ಬಂದಳು. ರೊಟ್ಟಿ ಬಡಿದು ಕೈ ಒರೆಸಿಕೊಳ್ಳುತ್ತ ಬಂದ ಅವ್ವ ಕನ್ನಡಕ ಏರಿಸಿ ಕೇಳಿದಳು: “ಈಕಿ ಯಾರು?”

“ನೀನೇ ಆಯಿ!”

“ನನಗ ಇಷ್ಟು ಸಣ್ಣ ನಡ ಎಲ್ಲಿಂದ ಬಂತು?” ಎಂದಳಾದರೂ ಹತ್ತಿರವೇ ಕೂತಳು. ಆಟದವರು ಆಡುವುದು ಯಾವ ದೇಶದ್ದೂ ಅಲ್ಲದ ಅರ್ಥವಿಲ್ಲದ ಭಾಷೆ. ಅವ್ವನಿಗೆ ಅದು ಅಡ್ಡಿಯಾಗಲಿಲ್ಲ. ಇಬ್ಬರು ಕೈ ಆಡಿಸುತ್ತ ಮಾತಾಡಿದರೆ, “ಎಲಿ-ಅಡಕಿ ಕೇಳ್ಲಾಕತ್ತಾನ” ಎಂದು ನಮಗೆ ಅರ್ಥ ಹೇಳಿದಳು.

ಮೊಮ್ಮಗಳು ಆಯಿಗೆ ಎಲ್ಲಕ್ಕಿಂತ ದುಬಾರಿ ಮಂಚ ಕೊಡಿಸಿದ್ದಳು. ನಿದ್ದೆಯ ಪಟ್ಟಿ ಅಂಚಿನವರೆಗೆ ಹಸಿರು. ಪಕ್ಕದ ಒಡನಾಟದ ಪಟ್ಟಿ ಮಾತ್ರ ಕೆಂಪು. ಪರದೆಯ ಆಯಿ ನಡುಮನೆಯಲ್ಲಿ ನಿಂತು ನಮ್ಮ ಕಡೆಗೇ ಕೈ ಬೀಸುತ್ತಿದ್ದಳು.

“ಆಕಿ ಕಡೆ ಯಾರೂ ಬರಂಗಿಲ್ಲೇನು?” ಎಂದಳು ಅವ್ವ.

“ಎಲ್ಲರೂ ಕೆಲಸಕ್ಕೆ ಹೋಗಿದ್ದಾರೆ ಆಯಿ.”

“ಹಂಗಾರ ಬರೋಬ್ಬರಿ ಮಾಡೀದಿ ಬಿಡು.”

ಅದರಲ್ಲಿ ಚುಚ್ಚುಮಾತೇನೂ ಇರಲಿಲ್ಲ. ಮೊಮ್ಮಗಳ ಕೆಲಸ ಅಚ್ಚುಕಟ್ಟಾಗಿದೆ ಎಂದು ಮೆಚ್ಚಿಕೊಂಡದ್ದು, ಅಷ್ಟೇ. ನಾನು ಎದ್ದು ಹೋಗಿ ಸುಮ್ಮನೆ ಒಂದು ತಂಬಿಗೆ ನೀರು ಕುಡಿದು ಬಂದೆ. ಮಗಳು ಆಟದ ಫೋನು ತೆಗೆದು ಆಯಿಯ ಕೈಯಲ್ಲಿ ಯಾರಿಗೋ ಮಾತಾಡಿಸಿದಳು. ಪಟ್ಟಿ ತುಸು ಏರಿತು, ಮತ್ತೆ ಇಳಿಯಿತು. ಫೋನಿನಿಂದ ಅದು ಅಷ್ಟೇ ಏರುತ್ತದಂತೆ. ಪ್ರತಿ ರಾತ್ರಿ ನಾನು ಬೆಂಗಳೂರಿನಿಂದ ಅವ್ವನಿಗೆ ಫೋನು ಮಾಡುವವನು. ಆ ಲೆಕ್ಕ ನನಗೆ ಇಷ್ಟವಾಗಲಿಲ್ಲ.

ಅವ್ವ ಪರದೆಗೆ ಇನ್ನಷ್ಟು ಬಗ್ಗಿ, ಮನೆಯ ಮುಂಭಾಗವನ್ನು ಪರಿಶೀಲಿಸಿದಳು. “ಕಟ್ಟಿ ಎಲ್ಲೈತಿ? ಮನಿ ಮುಂದ ಕಟ್ಟಿ ಇಲ್ಲಂದ್ರ ಮಂದಿ ಎಲ್ಲಿ ಕೂಡಬೇಕು?”

ಮಗಳು ಸಾಮಾನಿನ ಪಟ್ಟಿಯನ್ನೆಲ್ಲ ತಡಕಾಡಿದಳು. ಕಾರಂಜಿ ಸಿಕ್ಕಿತು, ಈಜುಕೊಳ ಸಿಕ್ಕಿತು, ಕಟ್ಟೆ ಸಿಗಲಿಲ್ಲ. ಕೊನೆಗೆ ಬಾಗಿಲ ಬದಿಗೆ ಒಂದು ಬೆಂಚು ಇಟ್ಟಳು. ಅವ್ವ ಅದನ್ನು ನೋಡಿ, “ಇದು ಬಸ್ ಸ್ಟ್ಯಾಂಡಿನ್ಯಾಗ ಇರ್ತದವ್ವಾ. ಹೋಗವರು ಕೂಡೂದು. ಬಂದವರು ಕೂಡೂದು ಕಟ್ಟಿ” ಎಂದು ಹೇಳಿ, ಹೆಂಚಿನ ಮೇಲಿನ ರೊಟ್ಟಿ ನೆನಪಾಗಿ ಒಳಗೆ ಹೋದಳು.

2014ರಲ್ಲಿ ಬಂದ ‘ಸಿಮ್ಸ್ 4’ ಅನ್ನು 2022ರ ಅಕ್ಟೋಬರಿನಿಂದ ಪುಕ್ಕಟೆ ಕೊಡುತ್ತಿದ್ದಾರೆ. ದುಡ್ಡು ಏನಿದ್ದರೂ ಮೇಲಿನ ಪ್ಯಾಕುಗಳಿಗೆ. ನಾಯಿ ಬೆಕ್ಕುಗಳದ್ದೊಂದು ಪ್ಯಾಕು, ಮಳೆ ಚಳಿಗಳದ್ದೊಂದು, ಕೋಳಿ ಹಸು ಕಟ್ಟಿಕೊಂಡು ಹಳ್ಳಿಯಲ್ಲಿ ಬದುಕುವುದಕ್ಕೇ ಇನ್ನೊಂದು. ಕಟ್ಟೆಯ ಪ್ಯಾಕು ಬಂದರೆ ನಿಮ್ಮಲ್ಲಿ ಯಾರಾದರೂ ದಯವಿಟ್ಟು ತಿಳಿಸಿ. ಬೆಲೆ ಎಷ್ಟಿದ್ದರೂ ಕೊಳ್ಳುತ್ತೇನೆ.