ಜೀಪಿನ ಹೊಟ್ಟೆಗೆ ಸುಣ್ಣ ಬಳಿದು

ಕೂಡ್ಲಿಗಿಯ ಅಕ್ಕನ ಮನೆಯ ಮುಂದೆ ಬೇವಿನ ಮರ, ಮರದ ಕೆಳಗೆ ಭಾವನವರ ಹಳೆಯ ಜೀಪು. ಶೇಂಗಾ ಚೀಲ, ಮದುವೆ ದಿಬ್ಬಣ, ನಡುರಾತ್ರಿಯ ರೋಗಿ, ಹೀಗೆ ಊರಿನ ಭಾರವನ್ನೆಲ್ಲ ಹೊತ್ತ ಗಾಡಿ ಅದು. ಎಂಜಿನಿಯರಿಂಗ್ ಓದುವ ಸೋದರಳಿಯ ರಜೆಗೆ ಬಂದವನೇ ಅದನ್ನು ನಾಲ್ಕು ಇಂಚು ಎತ್ತರಿಸಿ ದೊಡ್ಡ ಟೈರು ಹಾಕಿಸಬೇಕೆಂದು ಹಟ ಹಿಡಿದ. 'ಇದ್ದದ್ದು ಇದ್ದಂಗ ಇರ್ಲಿ' ಎಂದು ಭಾವ ಎದ್ದು ಹೋದರು. ಅಪ್ಪ ಮಗ ಮಾತು ಬಿಟ್ಟು ಮೂರು ದಿನವಾಗಿದೆ ಎಂದು ಅಕ್ಕ ಫೋನು ಮಾಡಿದಾಗ ನಾನು ಹೊರಟು ಬಂದೆ.

ನಾನು ಹೇಳಿದ್ದು ಇಷ್ಟೇ: 'ದುಡ್ಡು ಸುರಿಯೋ ಮೊದಲು ಈ ಐದೂ ಊರು ಸುತ್ತಿ ಬರೋಣ. ಗಾಡಿ ಎಲ್ಲಿ ತಾಗುತ್ತೆ ಅಂತ ಅದೇ ಹೇಳಲಿ.' ಮನೆಯಲ್ಲಿದ್ದ ಸುಣ್ಣ ಕಲಸಿ ಜೀಪಿನ ಅಡಿಗೆಲ್ಲ ಬಳಿದೆವು. ಚಾಸಿಗೆ, ಮೆಟ್ಟಿಲಿಗೆ, ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿರುವ ಡಿಫರೆನ್ಷಿಯಲ್ ಗುಂಡಿಗೂ ಬಳಿದದ್ದಾಯಿತು. ಅಜ್ಜಿ ಬಾಗಿಲಲ್ಲಿ ನಿಂತು ನಕ್ಕರು.

ಗುಡೇಕೋಟೆಯ ಬಂಡೆಗಳ ಕಡೆ ಹೋಗೋಣವೆಂದು ಅಳಿಯನ ಆಸೆ. ಅದು ಕರಡಿಧಾಮ, ಅಲ್ಲಿ ಜೀಪು ಹತ್ತಿಸಿ ಪೌರುಷ ತೋರಿಸುವುದು ಬೇಡವೆಂದೆ. ಕೊಟ್ಟೂರಿನ ದಾರಿ ಹಿಡಿದೆವು.

ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರರ ದರ್ಶನ ಮುಗಿಸಿ ಹೊರಬಂದಾಗ ತೇರಿನ ಮಾತು ಬಂತು. 2017ರ ಫೆಬ್ರುವರಿಯಲ್ಲಿ ಇಲ್ಲಿ ತೇರು ಎಳೆಯುವಾಗಲೇ ಅಚ್ಚು ಮುರಿದು ರಥ ಉರುಳಿತ್ತು. ಅಷ್ಟೆತ್ತರದ ತೇರು ನಿಂತಿರುವುದು ಅಚ್ಚು ಗಟ್ಟಿಯಿರುವ ತನಕ, ಭಾರದ ಕೇಂದ್ರ ಗಾಲಿಗಳ ನಡುವೆ ಇರುವ ತನಕ. ಜೀಪಿಗೂ ಅದೇ ಲೆಕ್ಕ. ಎರಡು ಗಾಲಿಗಳ ನಡುವೆ 140 ಸೆಂ.ಮೀ. ಇದ್ದು, ಭಾರದ ಕೇಂದ್ರ ನೆಲದಿಂದ 70 ಸೆಂ.ಮೀ. ಮೇಲಿದೆ ಎಂದು ಹಿಡಿಯಿರಿ. ನಿಂತ ಗಾಡಿಯನ್ನು ಪಕ್ಕಕ್ಕೆ ವಾಲಿಸುತ್ತ ಹೋದರೆ 45 ಡಿಗ್ರಿಗೆ ಉರುಳುತ್ತದೆ. ಕೇಂದ್ರ 10 ಸೆಂ.ಮೀ. ಮೇಲೇರಿದರೆ 41 ಡಿಗ್ರಿಗೇ ಕಥೆ ಮುಗಿಯಿತು. ಓಡುವ ಗಾಡಿಗೆ, ತಿರುವಿನಲ್ಲಿ, ಇಷ್ಟೂ ಬೇಕಾಗಿಲ್ಲ. ಅಳಿಯ ತನ್ನ ಮೊಬೈಲಿನಲ್ಲಿ ಲೆಕ್ಕ ಹಾಕಿ ನೋಡಿದ, ಏನೂ ಮಾತಾಡಲಿಲ್ಲ.

ಹರಪನಹಳ್ಳಿ ತಾಲ್ಲೂಕು ಮೊದಲು ಬಳ್ಳಾರಿ, 1997ರಿಂದ ದಾವಣಗೆರೆ, 2018ರಲ್ಲಿ ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ ಜಿಲ್ಲೆ. ಜಿಲ್ಲೆ ಎಷ್ಟು ಸಲ ಬದಲಾದರೂ ಹೊಲದ ದಾರಿ ಮಾತ್ರ ಹಾಗೇ ಇದೆ. ಉಚ್ಚಂಗಿದುರ್ಗದ ಕಡೆ ಪರಿಚಯದವರ ಮೆಕ್ಕೆಜೋಳದ ಹೊಲಕ್ಕೆ ಹೋಗುವ ಬಂಡಿಜಾಡಿನಲ್ಲಿ ಎರಡು ಗಾಲಿಯ ಗುಣಿಗಳ ನಡುವೆ ಕಲ್ಲಿನ ದಿಂಡು. 'ಕರ್' ಎಂದು ಸದ್ದಾಯಿತು. ಇಳಿದು ಮಲಗಿ ನೋಡಿದೆವು. ಚಾಸಿಯ ಸುಣ್ಣ ಬೆಳಗ್ಗೆ ಬಳಿದ ಹಾಗೇ ಇದೆ, ಮೆಟ್ಟಿಲಿನದೂ ಇದೆ. ಅಳಿಸಿಹೋದದ್ದು ಡಿಫರೆನ್ಷಿಯಲ್ ಗುಂಡಿನದು ಮಾತ್ರ!

ವಿಷಯ ಇರುವುದೇ ಇಲ್ಲಿ. ಕಮಾನು ಪಟ್ಟಿ ಎತ್ತರಿಸಿದರೆ ಮೇಲೇರುವುದು ಪಟ್ಟಿಯ ಮೇಲೆ ಕೂತ ಗಾಡಿಯ ಮೈ. ಅಚ್ಚು ಗಾಲಿಗೆ ಕಟ್ಟುಬಿದ್ದದ್ದು, ಅದು ಒಂದು ನೂಲೂ ಏಳುವುದಿಲ್ಲ. ಅದನ್ನು ಎತ್ತಬಲ್ಲದ್ದು ಟೈರು ಮಾತ್ರ, ಅದೂ ಹೆಚ್ಚಿದ ವ್ಯಾಸದ ಅರ್ಧದಷ್ಟು.

ನಮ್ಮ ಟೈರಿನ ಮೈಮೇಲೆ 215/75 ಆರ್ 15 ಎಂದಿತ್ತು. ಅಗಲ 215 ಮಿ.ಮೀ., ಅದರ ನೂರಕ್ಕೆ 75 ಭಾಗ ಪಕ್ಕದ ಗೋಡೆಯ ಎತ್ತರ, ಒಳಗಿನ ರಿಮ್ಮು 15 ಇಂಚು. ಕೂಡಿಸಿದರೆ ವ್ಯಾಸ 703.5 ಮಿ.ಮೀ. ಅದರ ಬದಲು 235/75 ಹಾಕಿದರೆ 733.5. ಅಂದರೆ ಅಚ್ಚು ಏಳುವುದು ಒಂದೂವರೆ ಸೆಂ.ಮೀ. ಇಷ್ಟೇನಾ ಎನ್ನಬೇಡಿ, ಆ ದಿಂಡಿನ ಮೇಲೆ ನಮಗೆ ಬೇಕಿದ್ದದ್ದೂ ಅಷ್ಟೇ. ಪುಕ್ಕಟೆಯಾಗಿಯೇನೂ ಬರುವುದಿಲ್ಲ: ಮೀಟರು 60 ತೋರಿಸುವಾಗ ಗಾಡಿ 62.5ರ ಆಸುಪಾಸು ಓಡುತ್ತಿರುತ್ತದೆ, ಮೊದಲ ಗೇರಿನ ಎಳೆತ ಕುಂದುತ್ತದೆ, ಬ್ರೇಕಿಗೆ ಕೆಲಸ ಹೆಚ್ಚು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಮಡ್‌ಗಾರ್ಡಿಗೋ ಪಟ್ಟಿಗೋ ಉಜ್ಜುತ್ತದೆಯೇ ನೋಡಬೇಕು. ಸ್ಟೆಪ್ನಿಯನ್ನೂ ಬದಲಿಸಬೇಕು; ಇದನ್ನು ಮರೆತವರೇ ಹೆಚ್ಚು.

ಹಡಗಲಿಯಲ್ಲಿ ಮಲ್ಲಿಗೆಯ ಘಮ ಮೂಗಿಗೆ ಬಡಿಯುವ ಹೊತ್ತಿಗೆ ಮಳೆ ಬಂದು ಹೋಗಿತ್ತು. ಹೊಳೆಯ ಕಡೆಯ ಎರೆಹೊಲದಲ್ಲಿ ಅಳಿಯ ಜೀಪು ಇಳಿಸಿದ. ಹತ್ತು ಮಾರು ಹೋಗುವಷ್ಟರಲ್ಲಿ ಟೈರಿನ ಹಲ್ಲುಗಳಲ್ಲಿ ಎರೆ ಮೆತ್ತಿ ನಾಲ್ಕೂ ಗಾಲಿ ಉಂಡೆಗಳಾದವು. ಟ್ರ್ಯಾಕ್ಟರು ತಂದು ಎಳೆದ ರೈತರು, 'ಎರಿ ಹಸಿ ಇದ್ದಾಗ ಎತ್ತನ್ನೂ ಇಳಸಂಗಿಲ್ರಿ. ಎಂಥಾ ಟೈರ್ ಇದ್ರೇನು?' ಎಂದರು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ, ಚಹಾ ಕುಡಿಸಿ ಕಳಿಸಿದರು.

ಹಗರಿಬೊಮ್ಮನಹಳ್ಳಿಯ ಗ್ಯಾರೇಜಿನಲ್ಲಿ ಮೈತೊಳೆಸಿದಾಗ ಮೇಸ್ತ್ರಿ ಕೈಯಿಂದ ಪಟ್ಟಿ ತಟ್ಟಿ ನೋಡಿ, 'ಇದು ಕುಂತುಬಿಟ್ಟೈತ್ರಿ' ಎಂದರು. ವರ್ಷಗಟ್ಟಲೆ ಚೀಲ ಹೊತ್ತು ಕಮಾನು ಚಪ್ಪಟೆಯಾಗಿತ್ತು. ಕಂಪನಿಯ ಅಳತೆಯ ಹೊಸ ಪಟ್ಟಿ ಹಾಕಿದರೆ ಕಳೆದುಕೊಂಡ ಎತ್ತರ ತಾನಾಗಿಯೇ ಬರುತ್ತದೆಂದು ಲೆಕ್ಕ ಹೇಳಿದರು. ಕಾನೂನಿನ ಕಡೆಯಿಂದಲೂ ಇದೇ ಸುರಕ್ಷಿತ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ವಾಹನದ ಮೂಲ ರೂಪ ಬದಲಿಸಲು ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. ಟೈರಿಗೆ ಅಳಿಯ ವಾಹನದ ಜೊತೆ ಬಂದಿದ್ದ ಪುಸ್ತಕ ತೆರೆದ. ಅದರಲ್ಲಿ 235ರ ಅಳತೆಯೂ ಇತ್ತು.

ರಾತ್ರಿ ಅಪ್ಪ ಮಗ ಒಂದೇ ಬ್ಯಾಟರಿ ಹಿಡಿದು ಜೀಪಿನ ಅಡಿ ಮಲಗಿ ಸುಣ್ಣ ನೋಡುತ್ತಿದ್ದರು. ಟೈರಿನ ದುಡ್ಡು ಭಾವನವರೇ ಕೊಟ್ಟರು, ಪಟ್ಟಿಯದೂ.

ಮುಂದಿನ ಸಲ ಅಜ್ಜಿಯನ್ನು ಕೊಟ್ಟೂರಿಗೆ ಕರೆದೊಯ್ಯಲು ಜೀಪು ತಂದು ನಿಲ್ಲಿಸಿದಾಗ ಅವರು ಮೆಟ್ಟಿಲಿಗೆ ಕಾಲೆತ್ತಿ, ಸಿಗದೆ, 'ಏನೋ, ಇದು ಬೆಳದೈತೇನು?' ಎಂದರು. ಅಳಿಯ ಒಳಗೆ ಓಡಿ ಊಟದ ಮಣೆ ಎರಡು ತಂದು ಒಂದರ ಮೇಲೊಂದು ಇಟ್ಟ.